ಗಾಡಿಯೊಳಗಿನ ಮುಗ್ಗಲು ವಾಸನೆ



ಮಳೆಗಾಲದಲ್ಲಿ ಮೂಲೆಗೆ ಒಗೆದ ಹಸಿ ಗೋಣಿಚೀಲದ ವಾಸನೆ ನಿಮಗೆ ಗೊತ್ತು. ಅದನ್ನು ಮುಗ್ಗಲು ವಾಸನೆ ಅನ್ನುತ್ತೇವೆ. ಗಾಡಿಯ ಎ.ಸಿ. ಹಚ್ಚಿದ ಕೂಡಲೇ ಅದೇ ವಾಸನೆ ಬಂದರೆ ಏನು ಮಾಡಬೇಕು? ಯಾಕೆ ಬರುತ್ತದೆ? ಕಡಿಮೆ ಖರ್ಚಿನಲ್ಲಿ ಹೋಗಲಾಡಿಸುವುದು ಹೇಗೆ? ಈ ಪಾಠದಲ್ಲಿ ತಿಳಿಯೋಣ.

ಈ ಪಾಠ ಮುಖ್ಯವಾಗಿ ಗೋವಾದಲ್ಲಿ ದುಡಿಯುವ ನಮ್ಮವರಿಗಾಗಿ. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ, ಹಾವೇರಿ, ಬೆಳಗಾವಿ ಕಡೆಯಿಂದ ಅನೇಕ ಕುಟುಂಬಗಳು ಅಲ್ಲಿಗೆ ಹೋಗಿ ನೆಲೆಸಿವೆ. 2011ರ ಜನಗಣತಿಯಂತೆ ಗೋವಾದಲ್ಲಿ ನೂರು ಜನರಲ್ಲಿ ನಾಲ್ಕೈದು ಜನರ ಮಾತೃಭಾಷೆ ಕನ್ನಡ. ವಾಸ್ಕೋ, ಮಡಗಾಂವ, ಮಾಪುಸಾ, ಫೋಂಡಾ, ಎಲ್ಲಿ ಹೋದರೂ ಕನ್ನಡ ಕಿವಿಗೆ ಬೀಳುತ್ತದೆ. ಅವರಲ್ಲಿ ಕೆಲವರು ಟ್ಯಾಕ್ಸಿ ಓಡಿಸುತ್ತಾರೆ. ಕೆಲವರು ಮಾಲೀಕರ ಕಾರು, ಟೆಂಪೋ, ಲಾರಿ ಓಡಿಸುತ್ತಾರೆ. ಇನ್ನು ಕೆಲವರು ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಾರೆ.

ಗಾಡಿ ಓಡಿಸುವವರಿಗೆ ಗಾಡಿಯೇ ಅನ್ನದ ತಟ್ಟೆ. ಗಿರಾಕಿ ಮೂಗು ಮುಚ್ಚಿಕೊಂಡು ಇಳಿದರೆ ಮರುದಿನ ಬೇರೆ ಗಾಡಿ ಕರೆಯುತ್ತಾರೆ. ಹತ್ತು ಹನ್ನೆರಡು ತಾಸು ಅದೇ ಗಾಳಿ ಉಸಿರಾಡುವವರು ಚಾಲಕರೇ. ಅವರ ಎದೆಗೂ ಅದು ಒಳ್ಳೆಯದಲ್ಲ. ಆದ್ದರಿಂದ ಇದು ಬರೀ ವಾಸನೆಯ ಮಾತಲ್ಲ.

ಗೋವಾದಲ್ಲಿಯೇ ಯಾಕೆ ಹೆಚ್ಚು?

ವಿಜಯಪುರದಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುತ್ತದೆ. ಗೋವಾದ ಕರಾವಳಿಯಲ್ಲಿ ಸುಮಾರು 3000 ಮಿಲಿಮೀಟರ್. ಅಂದರೆ ಐದು ಪಟ್ಟು. ಅದೂ ಹೆಚ್ಚಿನಂಶ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಪಕ್ಕದಲ್ಲಿ ಸಮುದ್ರ ಬೇರೆ. ಮಳೆ ನಿಂತ ಹೊತ್ತಿನಲ್ಲೂ ಗಾಳಿಯಲ್ಲಿ ನೀರಿನ ಅಂಶ ತುಂಬಿರುತ್ತದೆ. ಊರಲ್ಲಿ ಒಗೆದ ಬಟ್ಟೆ ಎರಡು ತಾಸಿಗೆ ಒಣಗುತ್ತದೆ. ಗೋವಾದ ಜುಲೈ ತಿಂಗಳಲ್ಲಿ ಎರಡು ದಿನವಾದರೂ ಒಣಗುವುದಿಲ್ಲ. ಬಟ್ಟೆಗೆ ಆದದ್ದೇ ಗಾಡಿಗೂ ಆಗುತ್ತದೆ. ತೇವ ಇದ್ದಲ್ಲಿ ಬೂಷ್ಟು ಬೆಳೆಯುತ್ತದೆ. ಬೂಷ್ಟು ಬೆಳೆದಲ್ಲಿ ಮುಗ್ಗಲು ವಾಸನೆ ಏಳುತ್ತದೆ.

ಒಂದು ಮಾತುಕತೆ

ಗೋವಾದ ಒಂದು ಗ್ಯಾರೇಜಿನಲ್ಲಿ ಚಾಲಕರೊಬ್ಬರೂ ಮಿಸ್ತ್ರಿಯೂ ಮಾತಾಡುತ್ತಿದ್ದಾರೆ ಎಂದು ತಿಳಿಯಿರಿ. ಜೋರಾಗಿ ಓದಿ.

ಚಾಲಕ: ಮಿಸ್ತ್ರಿ, ಎ.ಸಿ. ಹಚ್ಚಿದ ಕೂಡ್ಲೆ ಹಸಿ ಚೀಲದ ವಾಸನಿ ಬರ್ತೈತ್ರಿ.

ಮಿಸ್ತ್ರಿ: ತಂಪು ಹೆಂಗ ಐತ್ರಿ ಅಣ್ಣಾರ?

ಚಾಲಕ: ತಂಪು ಬೇಷ್ ಐತಿ. ಹೋದ ತಿಂಗಳು ಬ್ಯಾರೆ ಕಡೆ ಗ್ಯಾಸ್ ತುಂಬಿಸೀನಿ. ಸೆಂಟಿನ ಡಬ್ಬಿನೂ ಇಟ್ಟೀನಿ. ಆದ್ರೂ ಹೋಗವಲ್ದು.

ಮಿಸ್ತ್ರಿ: ತಂಪು ಬರಾಕತ್ತೈತಿ ಅಂದ್ರ ಗ್ಯಾಸಿನ ತಪ್ಪಲ್ಲ. ಗಾಡಿ ಕೆಳಗ ನೀರು ಬೀಳ್ತೈತೇನ್ರಿ?

ಚಾಲಕ: ಮೊದ್ಲ ಬೀಳ್ತಿತ್ತು. ಈಗ ಕಂಡಿಲ್ಲ. ಎಡಗಡೆ ಕಾಲಿಡೂ ಜಾಗ ಮಾತ್ರ ಹಸಿ ಆಗೇತಿ. ಗಿರಾಕಿ ಚಪ್ಪಲಿ ನೀರು ಅಂತ ತಿಳ್ಕೊಂಡಿದ್ದೆ.

ಮಿಸ್ತ್ರಿ: ಅದ ನೋಡ್ರಿ ಮೂಲ. ಹೊರಗ ಹೋಗೂ ನೀರು ಒಳಗ ನಿಂತೈತಿ. ಮೊದಲ ಆ ನೀರಿಗೆ ದಾರಿ ಮಾಡೂನು. ಆಮ್ಯಾಲ ವಾಸನಿ ಮಾತು.

ಈ ಮಾತುಕತೆಯಲ್ಲಿ ಮೂರು ಸುಳಿವು ಇವೆ. ಒಂದು, ತಂಪು ಸರಿಯಾಗಿ ಬರುತ್ತಿದೆ. ಎರಡು, ಗಾಡಿಯ ಕೆಳಗೆ ನೀರು ಬೀಳುವುದು ನಿಂತಿದೆ. ಮೂರು, ಒಳಗಿನ ನೆಲ ಹಸಿಯಾಗಿದೆ. ಈ ಮೂರನ್ನೂ ಕೂಡಿಸಿದರೆ ರೋಗ ಯಾವುದು ಎಂದು ತಿಳಿಯುತ್ತದೆ. ಹೇಗೆ? ಅದಕ್ಕೆ ಎ.ಸಿ. ಕೆಲಸ ಮಾಡುವ ರೀತಿ ತಿಳಿಯಬೇಕು.

ಎ.ಸಿ. ಹೇಗೆ ಕೆಲಸ ಮಾಡುತ್ತದೆ?

ತಣ್ಣೀರು ತುಂಬಿದ ಲೋಟವನ್ನು ಮೇಜಿನ ಮೇಲೆ ಇಡಿ. ಸ್ವಲ್ಪ ಹೊತ್ತಿನಲ್ಲಿ ಲೋಟದ ಹೊರಗೆ ಹನಿ ಕಟ್ಟುತ್ತದೆ. ಆ ನೀರು ಲೋಟದಿಂದ ಸೋರಿದ್ದಲ್ಲ. ಗಾಳಿಯಲ್ಲಿದ್ದ ನೀರಿನ ಆವಿ ತಣ್ಣನೆ ಲೋಟಕ್ಕೆ ತಾಗಿ ಹನಿಯಾಯಿತು.

ಗಾಡಿಯ ಡ್ಯಾಶ್‌ಬೋರ್ಡಿನ ಒಳಗೆ ಇಂಥದೇ ಒಂದು ತಣ್ಣನೆ ವಸ್ತು ಇದೆ. ಅದಕ್ಕೆ ಕೂಲಿಂಗ್ ಕಾಯಿಲ್ ಅನ್ನುತ್ತಾರೆ. ಅದರ ತುಂಬ ತೆಳ್ಳನೆಯ ಅಲ್ಯೂಮಿನಿಯಂ ಎಲೆಗಳು ಇರುತ್ತವೆ. ಬ್ಲೋವರ್ ಎಂಬ ಫ್ಯಾನು ಗಾಳಿಯನ್ನು ಅದರ ಮೂಲಕ ತಳ್ಳುತ್ತದೆ. ಗಾಳಿ ತಂಪಾಗುತ್ತದೆ. ಗಾಳಿಯಲ್ಲಿದ್ದ ನೀರು ಕಾಯಿಲ್ ಮೇಲೆ ಹನಿಯಾಗಿ ಉಳಿಯುತ್ತದೆ.

ಎಷ್ಟು ನೀರು? 30 ಡಿಗ್ರಿ ಸೆಲ್ಸಿಯಸ್ ಬಿಸಿಯ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಿನ ಆವಿ ಹಿಡಿಯಬಲ್ಲದು. ಅದೇ ಗಾಳಿ 10 ಡಿಗ್ರಿಗೆ ತಂಪಾದರೆ ಸುಮಾರು 9 ಗ್ರಾಂ ಮಾತ್ರ ಹಿಡಿಯಬಲ್ಲದು. ಉಳಿದದ್ದು ನೀರಾಗಿ ಇಳಿಯಲೇಬೇಕು. ಮಳೆಗಾಲದಲ್ಲಿ ಒಂದು ತಾಸಿಗೆ ಒಂದು ಲೀಟರ್ ನೀರು ಇಳಿದರೂ ಆಶ್ಚರ್ಯವಿಲ್ಲ. ಈ ನೀರು ಹೊರಗೆ ಹೋಗಲು ಒಂದು ಸಣ್ಣ ರಬ್ಬರ್ ಕೊಳವೆ ಇದೆ. ಎ.ಸಿ. ಹಚ್ಚಿ ನಿಲ್ಲಿಸಿದ ಗಾಡಿಯ ಕೆಳಗೆ ಹನಿ ಹನಿ ನೀರು ಬೀಳುವುದು ಇದರಿಂದಲೇ. ಅದು ಒಳ್ಳೆಯ ಲಕ್ಷಣ.

ಒಂದು ವಿಶೇಷ ಸಂಗತಿ ಕೇಳಿ. 1902ರಲ್ಲಿ ಅಮೆರಿಕದ ವಿಲಿಸ್ ಕ್ಯಾರಿಯರ್ ಎಂಬ ಎಂಜಿನಿಯರ್ ಇಂದಿನ ಎ.ಸಿ.ಯ ಮೂಲ ಯಂತ್ರವನ್ನು ರೂಪಿಸಿದರು. ಅದು ಜನರಿಗೆ ತಂಪು ಕೊಡಲು ಅಲ್ಲ. ನ್ಯೂಯಾರ್ಕ್ ನಗರದ ಒಂದು ಮುದ್ರಣಾಲಯದಲ್ಲಿ ತೇವದಿಂದ ಕಾಗದ ಹಿಗ್ಗಿ ಬಣ್ಣ ಸರಿಯಾಗಿ ಕೂಡುತ್ತಿರಲಿಲ್ಲ. ಗಾಳಿಯ ತೇವ ತೆಗೆಯಲು ಆ ಯಂತ್ರ ಬೇಕಾಯಿತು. ಅಂದರೆ ಎ.ಸಿ.ಯ ಮೊದಲ ಕೆಲಸವೇ ಗಾಳಿಯಿಂದ ನೀರು ತೆಗೆಯುವುದು. ತೆಗೆದ ನೀರು ಹೊರಗೆ ಹೋಗದಿದ್ದರೆ ತೊಂದರೆ.

ಗಾಡಿ ನಿಲ್ಲಿಸಿದ ಮೇಲೆ ಕಾಯಿಲ್ ಹಸಿಯಾಗಿಯೇ ಇರುತ್ತದೆ. ಒಳಗೆ ಕತ್ತಲೆ, ತೇವ, ಜೊತೆಗೆ ಧೂಳು. ಬೂಷ್ಟಿಗೂ ಸೂಕ್ಷ್ಮ ಜೀವಿಗಳಿಗೂ ಇದಕ್ಕಿಂತ ಒಳ್ಳೆಯ ಮನೆ ಬೇಕೆ?

ವಾಸನೆ ಎಲ್ಲಿಂದ? ಪತ್ತೆ ಮಾಡಿ

ಮದ್ದು ಹಾಕುವ ಮೊದಲು ಮೂಲ ಹುಡುಕಿ. ಐದು ಜಾಗ ನೋಡಬೇಕು.

1. ನೀರಿನ ಕೊಳವೆ: ಗಾಡಿಯನ್ನು ಬಯಲಲ್ಲಿ, ಒಣ ನೆಲದ ಮೇಲೆ ನಿಲ್ಲಿಸಿ. 15 ನಿಮಿಷ ಎ.ಸಿ. ಹಚ್ಚಿ. ಕೆಳಗೆ ನೀರು ಬಿದ್ದರೆ ಸರಿ. ತೇವದ ದಿನವೂ ಬೀಳದಿದ್ದರೆ ಕೊಳವೆ ಕಟ್ಟಿದೆ ಎಂದು ಸಂಶಯಪಡಿ. ಕೆಸರು, ಎಲೆಯ ಚೂರು, ಕುಂಬಾರ ಹುಳದ ಮಣ್ಣಿನ ಗೂಡು ಅದನ್ನು ಮುಚ್ಚಬಹುದು.

2. ಎ.ಸಿ. ಫಿಲ್ಟರ್: ಹೆಚ್ಚಿನ ಗಾಡಿಗಳಲ್ಲಿ ಎಡಗಡೆ ಸಾಮಾನಿಡುವ ಗೂಡಿನ ಹಿಂದೆ ಇರುತ್ತದೆ. ಅದು ಕಪ್ಪಾಗಿದ್ದರೆ, ಹಸಿಯಾಗಿದ್ದರೆ, ಮೂಗಿಗೆ ಹಿಡಿದಾಗ ವಾಸನೆ ಬಂದರೆ ಬದಲಿಸಿ. ಹಳೆಯ ಕೆಲವು ಗಾಡಿಗಳಲ್ಲಿ ಈ ಫಿಲ್ಟರ್ ಇರುವುದೇ ಇಲ್ಲ. ಅಂಥ ಗಾಡಿಯಲ್ಲಿ ಧೂಳು ನೇರವಾಗಿ ಕಾಯಿಲ್‌ಗೆ ಹೋಗುತ್ತದೆ.

3. ವೈಪರ್ ಕೆಳಗಿನ ಜಾಲರಿ: ಹೊರಗಿನ ಗಾಳಿ ಒಳಗೆ ಬರುವುದು ಇಲ್ಲಿಂದ. ಮಾವು, ಗೋಡಂಬಿ, ಗುಲ್‌ಮೊಹರ್ ಮರದ ಕೆಳಗೆ ಗಾಡಿ ನಿಲ್ಲಿಸಿದರೆ ಎಲೆ, ಹೂವು ಬಿದ್ದು ಇಲ್ಲಿ ಕೊಳೆಯುತ್ತವೆ.

4. ನೆಲದ ಹಾಸು ಮತ್ತು ಸೀಟು: ಚಾಪೆ ಎತ್ತಿ ಕೆಳಗಿನ ಹಾಸನ್ನು ಕೈಯಿಂದ ಒತ್ತಿ ನೋಡಿ. ಮೇಲೆ ಒಣಗಿದ್ದರೂ ಕೆಳಗೆ ಹಸಿ ಇರಬಹುದು. ಬಾಗಿಲಿನ ರಬ್ಬರ್ ಹರಿದಿದ್ದರೂ ಮಳೆ ನೀರು ಒಳಗೆ ಬರುತ್ತದೆ.

5. ಡಿಕ್ಕಿ: ಸ್ಟೆಪ್ನಿ ಇಡುವ ಗುಂಡಿಯಲ್ಲಿ ನೀರು ನಿಂತಿದೆಯೇ? ಮೀನಿನ ಚೀಲದ ನೀರು ಸೋರಿದೆಯೇ? ಹಸಿ ರೇನ್‌ಕೋಟು ಬಿದ್ದಿದೆಯೇ? ಊರಿಂದ ತಂದ ಜೋಳದ ಚೀಲ ಮುಗ್ಗಿದೆಯೇ?

ಎ.ಸಿ. ಹಚ್ಚಿದ ಕ್ಷಣ ಮಾತ್ರ ವಾಸನೆ ಜೋರಾಗಿದ್ದರೆ ಕಾಯಿಲ್ ಅಥವಾ ಫಿಲ್ಟರ್ ಕಾರಣ ಇರಬಹುದು. ಎ.ಸಿ. ಬಂದ್ ಇದ್ದಾಗಲೂ ವಾಸನೆ ಇದ್ದರೆ ಹಾಸು, ಸೀಟು, ಡಿಕ್ಕಿ ನೋಡಿ.

ಸ್ವಚ್ಛ ಮಾಡುವ ಕ್ರಮ

ಕ್ರಮ ತಪ್ಪಿದರೆ ಫಲ ಸಿಗದು. ಮೊದಲು ನೀರು, ಆಮೇಲೆ ಕೊಳೆ, ಕೊನೆಗೆ ವಾಸನೆ.

ಮೊದಲ ಹೆಜ್ಜೆ: ಮಾಸ್ಕ್, ಕೈಗವಸು ಹಾಕಿಕೊಳ್ಳಿ. ಜಾಲರಿಯ ಎಲೆ, ಕಸ ಕೈಯಿಂದ ತೆಗೆಯಿರಿ.

ಎರಡನೆಯ ಹೆಜ್ಜೆ: ನೀರಿನ ಕೊಳವೆ ಬಿಡಿಸಿ. ಇದನ್ನು ಮಿಸ್ತ್ರಿಯಿಂದ ಮಾಡಿಸುವುದು ಒಳ್ಳೆಯದು. ಜಾಕಿನ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ಎಂದೂ ನುಗ್ಗಬೇಡಿ. ಚೂಪಾದ ತಂತಿ ಚುಚ್ಚಬೇಡಿ. ತಂತಿ ಕಾಯಿಲ್‌ಗೆ ತಾಗಿ ತೂತಾದರೆ ಗ್ಯಾಸ್ ಎಲ್ಲ ಹೋಗುತ್ತದೆ. ಸಣ್ಣ ಕೆಲಸ ದೊಡ್ಡ ಖರ್ಚಾಗುತ್ತದೆ.

ಮೂರನೆಯ ಹೆಜ್ಜೆ: ಹಳೆಯ ಫಿಲ್ಟರ್ ತೆಗೆಯಿರಿ. ಕಾಗದದ ಫಿಲ್ಟರ್ ತೊಳೆಯಬೇಡಿ. ತೊಳೆದರೆ ಅದರ ಎಳೆ ಕೆಡುತ್ತದೆ, ಮತ್ತೆ ಬೂಷ್ಟು ಹಿಡಿಯುತ್ತದೆ. ಹೊಸದನ್ನು ಈಗಲೇ ಹಾಕಬೇಡಿ.

ನಾಲ್ಕನೆಯ ಹೆಜ್ಜೆ: ಕಾಯಿಲ್ ತೊಳೆಯುವ ನೊರೆಯ ಡಬ್ಬಿ ಅಂಗಡಿಯಲ್ಲಿ ಸಿಗುತ್ತದೆ. ಗಾಡಿಯ ಎ.ಸಿ.ಗೆಂದೇ ಇರುವುದನ್ನು ಕೇಳಿ. ಡಬ್ಬಿಯ ಮೇಲಿನ ಸೂಚನೆ ಓದಿ. ಬರಹ ಇಂಗ್ಲಿಷಿನಲ್ಲಿದ್ದರೆ ಶಾಲೆಗೆ ಹೋಗುವ ಮಗ ಅಥವಾ ಮಗಳಿಂದ ಓದಿಸಿ ಅರ್ಥ ಕೇಳಿ. ಎಂಜಿನ್, ಫ್ಯಾನು ಎರಡೂ ಬಂದ್ ಇರಲಿ. ಕಾಯಿಲ್ ಮೇಲೆ ನೊರೆ ಬಿಡಿ. ಡಬ್ಬಿಯಲ್ಲಿ ಹೇಳಿದಷ್ಟು ಹೊತ್ತು ಕಾಯಿರಿ. ಕೊಳೆ ನೊರೆಯೊಂದಿಗೆ ಕರಗಿ ಕೊಳವೆಯಿಂದ ಕೆಳಗೆ ಇಳಿಯುತ್ತದೆ. ಕೊಳವೆಯನ್ನು ಮೊದಲೇ ಬಿಡಿಸಿದ್ದು ಯಾಕೆ ಎಂದು ಈಗ ತಿಳಿಯಿತಲ್ಲವೇ?

ಐದನೆಯ ಹೆಜ್ಜೆ: ಕಾಯಿಲ್ ಒಣಗಿಸಿ. ಬಾಗಿಲು ತೆರೆದು ಫ್ಯಾನು ಜೋರಾಗಿ ಓಡಿಸಿ. ಹೀಟರ್ ಇದ್ದರೆ ಎ.ಸಿ. ಬಂದ್ ಮಾಡಿ, ಬಿಸಿ ಗಾಳಿಯನ್ನು ಒಳಗೇ ಸುತ್ತುವಂತೆ 10 ನಿಮಿಷ ಬಿಡಿ. ಆಮೇಲೆ ಎಲ್ಲ ಬಾಗಿಲು ತೆರೆದು ತೇವದ ಗಾಳಿ ಹೊರಗೆ ಕಳಿಸಿ. ಈ ಹೊತ್ತಿನಲ್ಲಿ ಯಾರೂ ಒಳಗೆ ಕೂರಬಾರದು. ಬಯಲಲ್ಲೇ ಮಾಡಿ, ಮುಚ್ಚಿದ ಶೆಡ್ಡಿನಲ್ಲಿ ಬೇಡ.

ಆರನೆಯ ಹೆಜ್ಜೆ: ಹೊಸ ಫಿಲ್ಟರ್ ಹಾಕಿ. ಅದರ ಮೇಲೆ ಬಾಣದ ಗುರುತು ಇದೆ. ಗಾಳಿ ಹೋಗುವ ದಿಕ್ಕಿಗೆ ಬಾಣ ಇರಬೇಕು.

ಏಳನೆಯ ಹೆಜ್ಜೆ: ಹಾಸು, ಚಾಪೆ ಬಿಸಿಲಿಗೆ ಹಾಕಿ. ಸೀಟಿನ ಮೇಲೆ ಅಡುಗೆ ಸೋಡಾ ಉದುರಿಸಿ, ರಾತ್ರಿ ಬಿಟ್ಟು, ಬೆಳಿಗ್ಗೆ ತೆಗೆಯಿರಿ. ಸೋಡಾ ಉಳಿದ ವಾಸನೆಯನ್ನು ಸ್ವಲ್ಪ ಎಳೆದುಕೊಳ್ಳುತ್ತದೆ. ಆದರೆ ಹಸಿ ಹಾಸಿನ ಮೇಲೆ ಸೋಡಾ ಹಾಕಿ ಫಲವಿಲ್ಲ. ಮೊದಲು ಒಣಗಿಸಿ.

ಮಾಡಬಾರದ ಕೆಲಸಗಳು

ಸೆಂಟಿನ ಡಬ್ಬಿ ವಾಸನೆಯನ್ನು ಮುಚ್ಚುತ್ತದೆ, ತೆಗೆಯುವುದಿಲ್ಲ. ಹುಣ್ಣಿನ ಮೇಲೆ ಅತ್ತರು ಹಚ್ಚಿದರೆ ಹುಣ್ಣು ಮಾಯುತ್ತದೆಯೇ?

ಫಿನೈಲ್, ಸೀಮೆಎಣ್ಣೆ, ಪೆಟ್ರೋಲ್, ಬ್ಲೀಚಿಂಗ್ ನೀರು ಇವನ್ನು ಗಾಳಿ ಬರುವ ಕಿಂಡಿಯೊಳಗೆ ಎಂದೂ ಸುರಿಯಬೇಡಿ. ಬ್ಲೀಚಿಂಗ್ ನೀರು ಅಲ್ಯೂಮಿನಿಯಂ ತಿನ್ನುತ್ತದೆ. ಅದರ ಹೊಗೆ ಎದೆಗೆ ಕೆಟ್ಟದ್ದು. ಪೆಟ್ರೋಲಿಗೆ ಬೆಂಕಿಯ ಅಪಾಯ ಇದೆ.

ವಾಸನೆ ಬರುತ್ತದೆ ಎಂದು ಗ್ಯಾಸ್ ತುಂಬಿಸಬೇಡಿ. ತಂಪು ಸರಿಯಾಗಿದ್ದರೆ ಗ್ಯಾಸ್ ಕಡಿಮೆ ಆಗಿಲ್ಲ. ಗ್ಯಾಸಿಗೂ ಬೂಷ್ಟಿನ ವಾಸನೆಗೂ ಸಂಬಂಧ ಇಲ್ಲ.

ಜೋರು ಮಳೆಯಲ್ಲಿ ವಾಸನೆಗೆ ಹೆದರಿ ಎ.ಸಿ. ಬಂದ್ ಮಾಡಬೇಡಿ. ಅನಮೋಡ ಘಾಟ್, ಚೋರ್ಲಾ ಘಾಟ್ ಏರುವಾಗ ಮಂಜು, ಮಳೆ ಎರಡೂ ಇರುತ್ತವೆ. ಎ.ಸಿ. ಇಲ್ಲದಿದ್ದರೆ ಮುಂದಿನ ಗಾಜಿಗೆ ಒಳಗಿನಿಂದ ಆವಿ ಕಟ್ಟುತ್ತದೆ. ದಾರಿ ಕಾಣುವುದಿಲ್ಲ. ವಾಸನೆ ನಾಳೆ ತೆಗೆಯಬಹುದು. ಇಂದು ದಾರಿ ಕಾಣಬೇಕು.

ಅಪಾಯದ ವಾಸನೆ ಗುರುತಿಸಿ

ಎಲ್ಲ ವಾಸನೆಯೂ ಬೂಷ್ಟಿನದಲ್ಲ. ಕೆಲವು ವಾಸನೆ ಎಚ್ಚರಿಕೆಯ ಗಂಟೆ.

ಸಿಹಿ ವಾಸನೆ, ಜೊತೆಗೆ ಗಾಜಿಗೆ ಜಿಡ್ಡಿನ ಮಬ್ಬು: ಎಂಜಿನ್ ತಂಪು ಮಾಡುವ ಕೂಲೆಂಟ್ ಹೀಟರಿನಲ್ಲಿ ಸೋರುತ್ತಿರಬಹುದು.

ಸುಟ್ಟ ವೈರಿನ ವಾಸನೆ: ಕೂಡಲೇ ಫ್ಯಾನು, ಎ.ಸಿ. ಬಂದ್ ಮಾಡಿ. ಗಾಡಿ ಬದಿಗೆ ನಿಲ್ಲಿಸಿ ಎಲ್ಲರೂ ಇಳಿಯಿರಿ.

ಪೆಟ್ರೋಲ್ ವಾಸನೆ: ಬೆಂಕಿಯ ಅಪಾಯ. ಎಂಜಿನ್ ಬಂದ್ ಮಾಡಿ ಇಳಿಯಿರಿ. ಬೀಡಿ, ಬೆಂಕಿಕಡ್ಡಿ ಬೇಡ.

ಸತ್ತ ಪ್ರಾಣಿಯ ವಾಸನೆ: ಮಳೆಗಾಲದಲ್ಲಿ ಇಲಿಗಳು ಬೆಚ್ಚನೆ ಜಾಗ ಹುಡುಕಿ ಫ್ಯಾನಿನ ಗೂಡಿಗೆ ಸೇರುತ್ತವೆ. ಇಲಿಯ ಮೂತ್ರದಿಂದ ಇಲಿ ಜ್ವರ ಹರಡುತ್ತದೆ. ಕೈಯಲ್ಲಿ ಗಾಯ ಇದ್ದರೆ ಮುಟ್ಟಲೇಬೇಡಿ. ಕೈಗವಸು ಹಾಕಿ, ಸೋಂಕು ನಾಶಕ ಸಿಂಪಡಿಸಿ, ಹಸಿಯಾಗಿಯೇ ಒರೆಸಿ ತೆಗೆಯಿರಿ. ಒಣಗಿದ್ದನ್ನು ಗುಡಿಸಬೇಡಿ. ಆಮೇಲೆ ಜ್ವರ, ಮೈಕೈ ನೋವು ಬಂದರೆ ವೈದ್ಯರಿಗೆ ಈ ಸಂಗತಿ ಹೇಳಿ.

ಹೊಗೆಯ ವಾಸನೆ: ಸೈಲೆನ್ಸರಿನ ಹೊಗೆ ಒಳಗೆ ಬರುತ್ತಿದೆ. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಇರುತ್ತದೆ. ಆ ವಿಷಗಾಳಿಗೆ ತನ್ನದೇ ವಾಸನೆ, ಬಣ್ಣ ಇಲ್ಲ. ತಲೆ ನೋವು, ತಲೆ ಸುತ್ತು, ವಾಂತಿ ಬರುತ್ತದೆ. ನಿದ್ದೆಯಲ್ಲಿದ್ದವರಿಗೆ ತಿಳಿಯುವುದೇ ಇಲ್ಲ. ವಿಮಾನ ನಿಲ್ದಾಣದಲ್ಲಿ, ಹೋಟೆಲಿನ ಹೊರಗೆ ಗಿರಾಕಿಗಾಗಿ ಕಾಯುವಾಗ ಎಂಜಿನ್, ಎ.ಸಿ. ಹಚ್ಚಿ, ಗಾಜು ಏರಿಸಿ ಮಲಗುವ ರೂಢಿ ಕೆಲವರಿಗೆ ಇದೆ. ಅದು ಜೀವಕ್ಕೆ ಅಪಾಯ. ಮಲಗಬೇಕಾದರೆ ಎಂಜಿನ್ ಬಂದ್ ಮಾಡಿ, ಗಾಜು ಇಳಿಸಿ ಮಲಗಿ.

ಆರೋಗ್ಯದ ಮಾತು

ಬೂಷ್ಟಿನ ಕಣಗಳು ಗಾಳಿಯಲ್ಲಿ ಹಾರುತ್ತವೆ. ಕೆಲವರಿಗೆ ಸೀನು, ಕೆಮ್ಮು, ಕಣ್ಣುರಿ ಬರುತ್ತದೆ. ದಮ್ಮು ಇದ್ದವರಿಗೆ ದಮ್ಮು ಹೆಚ್ಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ತೇವ ಮತ್ತು ಬೂಷ್ಟಿನ ಬಗ್ಗೆ ಒಂದು ಮಾರ್ಗಸೂಚಿ ಹೊರಡಿಸಿತು. ಕಟ್ಟಡದೊಳಗೆ ತೇವ, ಬೂಷ್ಟು ಇದ್ದರೆ ಉಸಿರಾಟದ ತೊಂದರೆ ಹೆಚ್ಚು ಎಂದು ಅದು ಹೇಳುತ್ತದೆ. ಗಾಡಿ ಎಂದರೆ ಚಾಲಕರಿಗೆ ಗಾಲಿಯ ಮೇಲಿನ ಕೋಣೆಯೇ. ಗಾಡಿಯಲ್ಲಿ ಕೂತಾಗ ಕೆಮ್ಮು ಬಂದು, ಇಳಿದ ಮೇಲೆ ಕಡಿಮೆಯಾದರೆ ಗಾಡಿಯನ್ನೂ ಪರೀಕ್ಷಿಸಿ, ವೈದ್ಯರಿಗೂ ತೋರಿಸಿ.

ಈ ತಿಳಿವಳಿಕೆ ಇನ್ನು ಲಾರಿಯವರಿಗೂ ಬೇಕು. 2025ರ ಅಕ್ಟೋಬರ್ 1ರಿಂದ ನಮ್ಮ ದೇಶದಲ್ಲಿ ತಯಾರಾಗುವ ಮೂರೂವರೆ ಟನ್ನಿಗಿಂತ ಹೆಚ್ಚಿನ ಲಾರಿಗಳ ಚಾಲಕರ ಕ್ಯಾಬಿನ್‌ಗೆ ಎ.ಸಿ. ಕಡ್ಡಾಯವಾಗಿದೆ.

ಚಿತ್ರ ಗುರುತು ಓದಿ

ಗಾಡಿಯ ಬಟನ್ ಮೇಲೆ ಅಕ್ಷರದ ಬದಲು ಚಿತ್ರ ಇರುತ್ತದೆ. ಅದೂ ಒಂದು ಓದು.

ಹಿಮದ ಹೂವಿನ ಚಿತ್ರ: ಎ.ಸಿ.
ರೆಕ್ಕೆಯ ಚಿತ್ರ: ಫ್ಯಾನು.
ಕಾರಿನೊಳಗೆ ಸುತ್ತುವ ಬಾಣ: ಒಳಗಿನ ಗಾಳಿ ಒಳಗೇ ಸುತ್ತುತ್ತದೆ.
ಹೊರಗಿನಿಂದ ಕಾರಿನೊಳಗೆ ಬರುವ ಬಾಣ: ಹೊರಗಿನ ಗಾಳಿ ಬರುತ್ತದೆ.

ದಿನದ ರೂಢಿ

ಊರು ಅಥವಾ ಮನೆ ಐದು ನಿಮಿಷ ದೂರ ಇರುವಾಗ ಎ.ಸಿ. ಬಟನ್ ಮಾತ್ರ ಬಂದ್ ಮಾಡಿ. ಫ್ಯಾನು ಓಡುತ್ತಿರಲಿ. ಹೊರಗಿನ ಗಾಳಿಯ ಬಟನ್ ಒತ್ತಿ. ಕಾಯಿಲ್ ಮೇಲಿನ ನೀರು ಬಹಳಷ್ಟು ಆರುತ್ತದೆ. ಈ ರೂಢಿಗೆ ಒಂದು ಪೈಸೆಯೂ ಖರ್ಚಿಲ್ಲ. ಎಲ್ಲ ಮದ್ದಿಗಿಂತ ಇದೇ ದೊಡ್ಡ ಮದ್ದು.

ಬಿಸಿಲು ಬಿದ್ದ ದಿನ ಬಾಗಿಲು ತೆರೆದಿಡಿ. ಹಸಿ ಕೊಡೆ, ರೇನ್‌ಕೋಟು ಗಾಡಿಯಲ್ಲಿ ಬಿಡಬೇಡಿ. ಮಳೆಗಾಲಕ್ಕೆ ಮೊದಲು, ಮೇ ತಿಂಗಳಲ್ಲಿ ಒಮ್ಮೆ ಮತ್ತು ಮಳೆ ಮುಗಿದ ಮೇಲೆ ಅಕ್ಟೋಬರಿನಲ್ಲಿ ಒಮ್ಮೆ ಫಿಲ್ಟರ್ ನೋಡಿ. ಬೆಂಕಿ ಬಿದ್ದಾಗ ಬಾವಿ ತೋಡಬಾರದು.

ಮಾಡಿಸಿದ ಕೆಲಸವನ್ನು ನೋಟ್‌ಬುಕ್ಕಿನಲ್ಲಿ ನೀವೇ ಬರೆದಿಡಿ. ತಾರೀಖು, ಕಿಲೋಮೀಟರ್, ಮಾಡಿಸಿದ ಕೆಲಸ, ಕೊಟ್ಟ ಹಣ. ಹಳೆಯ ಫಿಲ್ಟರ್ ತೋರಿಸಲು ಕೇಳಿ. ಬಿಲ್ ಕೇಳಿ, ಓದಿ. ಬರೆದಿಟ್ಟವರಿಗೆ ಒಂದೇ ಕೆಲಸಕ್ಕೆ ಎರಡು ಸಲ ಹಣ ಕೊಡುವ ಪ್ರಸಂಗ ಬರುವುದಿಲ್ಲ.

ಲೆಕ್ಕ ಮಾಡಿ

(ಇಲ್ಲಿನ ಬೆಲೆ ಲೆಕ್ಕಕ್ಕಾಗಿ ಮಾತ್ರ. ಗಾಡಿಯಿಂದ ಗಾಡಿಗೆ ಬೆಲೆ ಬೇರೆ.)

ಒಬ್ಬರು ನಾಲ್ಕು ತಿಂಗಳು ತಿಂಗಳಿಗೊಂದು 250 ರೂಪಾಯಿಯ ಸೆಂಟಿನ ಡಬ್ಬಿ ಕೊಂಡರು. ಬೇಡದಿದ್ದರೂ 1500 ರೂಪಾಯಿಗೆ ಗ್ಯಾಸ್ ತುಂಬಿಸಿದರು. ಇನ್ನೊಬ್ಬರು 400 ರೂಪಾಯಿಯ ಫಿಲ್ಟರ್, 500 ರೂಪಾಯಿಯ ನೊರೆ ಡಬ್ಬಿ ಕೊಂಡು, 300 ರೂಪಾಯಿ ಕೂಲಿ ಕೊಟ್ಟರು. ಇಬ್ಬರ ಖರ್ಚು ಎಷ್ಟೆಷ್ಟು? ಯಾರ ಗಾಡಿಯ ವಾಸನೆ ಹೋಯಿತು?

ಹೊಸ ಪದಗಳು

ಮುಗ್ಗಲು, ಬೂಷ್ಟು, ತೇವ, ಆವಿ, ಕೊಳವೆ, ಜಾಲರಿ, ಸೋಂಕು ನಾಶಕ, ಮಾರ್ಗಸೂಚಿ

ಉತ್ತರ ಬರೆಯಿರಿ

1. ಎ.ಸಿ. ಹಚ್ಚಿದ ಗಾಡಿಯ ಕೆಳಗೆ ನೀರು ಬೀಳುವುದು ಒಳ್ಳೆಯದೋ ಕೆಟ್ಟದ್ದೋ? ಯಾಕೆ?
2. ಕೊಳವೆಯನ್ನು ನೊರೆ ಹಾಕುವ ಮೊದಲೇ ಯಾಕೆ ಬಿಡಿಸಬೇಕು?
3. ಎಂಜಿನ್ ಹಚ್ಚಿ, ಗಾಜು ಏರಿಸಿ ಮಲಗಬಾರದು. ಯಾಕೆ?
4. ನಿಮ್ಮ ಅಥವಾ ಪರಿಚಯದವರ ಗಾಡಿಯ ಐದು ಜಾಗ ನೋಡಿ. ಕಂಡದ್ದನ್ನು ಐದು ವಾಕ್ಯದಲ್ಲಿ ಬರೆದು ಮುಂದಿನ ತರಗತಿಗೆ ತನ್ನಿ.

ಲೆಕ್ಕದ ಉತ್ತರ: ಮೊದಲಿನವರ ಖರ್ಚು 2500 ರೂಪಾಯಿ. ಎರಡನೆಯವರದು 1200 ರೂಪಾಯಿ. ಉಳಿತಾಯ 1300 ರೂಪಾಯಿ. ವಾಸನೆ ಹೋದದ್ದು ಎರಡನೆಯವರ ಗಾಡಿಯದು.